ಸಬ್ಬಕ್ಕಿ ಮಿಲ್ಲಿನ ಅಕ್ಕತಂಗಿಯರು

ನನಗೆ ಅಣ್ಣ ಇರಲಿಲ್ಲ. ಮೂವತ್ತು ದಾಟಿದ ಮೇಲೆ ಒಬ್ಬ ಸಿಕ್ಕಿದ. ಸಿಕ್ಕಿದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ, ಕೂಲಿ ಉಳಿಸುವುದಕ್ಕೆ. ಪೊಂಗಲ್ ಹಬ್ಬ ಮುಗಿಯುವ ಹೊತ್ತಿಗೆ ಕಳೆದೂ ಹೋದ.

ಅವನ ಹೆಸರು ಅರ್ಥನಾರಿ. ಸೇಲಂ ಹತ್ತಿರದ ಆತ್ತೂರಿನ ಹೊರಗೆ ಅವನದೊಂದು ಸಬ್ಬಕ್ಕಿ ಮಿಲ್ಲಿದೆ. ಎದುರಿಗೆ ಮೊದಲಾಳಿ, ಅಂದರೆ ಧಣಿ, ಅನ್ನುತ್ತೇವೆ. ಬೆನ್ನ ಹಿಂದೆ ಅನ್ನುವುದನ್ನು ಇಲ್ಲಿ ಬರೆದರೆ ಓದುವವರು ಪುಸ್ತಕ ಮುಚ್ಚಿಬಿಟ್ಟಾರು. ನಾನು ಪಾವಾಯಿ, ಊರಾಚೆಯ ಕಾಲೊನಿಯವಳು, ಅಂದರೆ ಊರಿನವರು ಮುಟ್ಟದ ಜನ. ಮಿಲ್ಲಿನಲ್ಲಿ ದುಡಿಯುವ ಹೆಂಗಸರೆಲ್ಲ ಕಾಲೊನಿಯವರೇ. ಊರಿನವರು ಮರಗೆಣಸು ಬೆಳೆಯುತ್ತಾರೆ, ಮಿಲ್ಲು ಕಟ್ಟಿಸುತ್ತಾರೆ. ಅದರ ನೀರಿನಲ್ಲಿ ನಿಲ್ಲುವವರು ನಾವು.

ಪಾಯಸದಲ್ಲಿ ಮುತ್ತಿನ ಹಾಗೆ ತೇಲುವ ಸಬ್ಬಕ್ಕಿಯನ್ನು ನೀವೂ ತಿಂದಿರುತ್ತೀರಿ. ಅದು ಮೊದಲು ಮಣ್ಣು ಮೆತ್ತಿಕೊಂಡ ಗೆಣಸು. ಅದರ ಸಿಪ್ಪೆ ಕೆರೆಯಬೇಕು. ತೊಳೆಯಬೇಕು. ಅರೆದ ಹಾಲು ತೊಟ್ಟಿಯ ತಳದಲ್ಲಿ ಗಟ್ಟಿಯಾದ ಮೇಲೆ ಇಳಿದು ಗುದ್ದಲಿಯಿಂದ ಎಬ್ಬಿಸಬೇಕು. ತೊಟ್ಟಿಯ ನೀರು ಹುಳಿ. ಬೆರಳ ಸಂದಿ ಬಿರಿದಿರುತ್ತದೆ, ಅಲ್ಲಿಗೆ ಆ ನೀರು ಇಳಿದರೆ ಹೆತ್ತ ತಾಯಿ ನೆನಪಾಗುತ್ತಾಳೆ. ಆಮೇಲೆ ಕಾದ ಹಂಚು, ಅದರ ಹೊಗೆ. ಕಡೆಗೆ ಕಣ. ಸಿಮೆಂಟಿನ ಕಣದಲ್ಲಿ ಕಾಳು ಹರಡಿ ಸುಡುಬಿಸಿಲಿನಲ್ಲಿ ಬರಿಗಾಲಲ್ಲಿ ಹೊರಳಿಸುತ್ತ ನಡೆಯಬೇಕು. ಚಪ್ಪಲಿ ಹಾಕುವ ಹಾಗಿಲ್ಲ, ಮಾಲು ಹಾಳಾಗುತ್ತದಂತೆ. ಕಾಲು ಹಾಳಾದರೆ ಪರವಾಗಿಲ್ಲ, ಅದು ಮಾರುವ ಮಾಲಲ್ಲ. ಆ ಹುಳಿ ವಾಸನೆ ಎಷ್ಟು ಸೋಪು ಹಚ್ಚಿದರೂ ಮೈ ಬಿಡುವುದಿಲ್ಲ. ನಾವು ಬಸ್ಸು ಹತ್ತಿದರೆ ಕಂಡಕ್ಟರು ಟಿಕೆಟ್ ಕೊಡುವ ಮೊದಲು ಕಿಟಕಿ ತೆಗೆಯುತ್ತಾನೆ.

ಈ ಕೆಲಸಕ್ಕೆ ದಿನಕ್ಕೆ ಇಷ್ಟು ಅಂತ ಸರ್ಕಾರ ಕೂಲಿ ಗೊತ್ತು ಮಾಡಿದೆ. ಅದರ ಅರ್ಧವೂ ನಮ್ಮ ಕೈಗೆ ಬರುತ್ತಿರಲಿಲ್ಲ. ಸರ್ಕಾರದ ರೇಟನ್ನು ಬೋರ್ಡು ಬರೆಸಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅನ್ನುವ ಕಾನೂನೂ ಇದೆ. ಅರ್ಥನಾರಿ ಕಾನೂನು ಮೀರುವವನಲ್ಲ. ಬೋರ್ಡು ಹಾಕಿದ್ದ. ಅದರ ಮೇಲೆ ಸತ್ತ ಅಪ್ಪನ ಆಳೆತ್ತರದ ಫೋಟೋ ತೂಗುಹಾಕಿ ದಿನಾ ಹೂವಿನ ಹಾರ ಏರಿಸುತ್ತಿದ್ದ.

ಲೇಬರ್ ಆಫೀಸರು ವರ್ಷಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದರು. ಜೀಪು ದೊಡ್ಡ ರಸ್ತೆ ಬಿಡುವ ಮೊದಲೇ ಸುದ್ದಿ ಬರುತ್ತಿತ್ತು. ಆಗ ನಾವೆಲ್ಲ ಗೆಣಸಿನ ರಾಶಿಯ ಮೇಲೆ ಮಲಗಬೇಕು, ಮೇಲೆ ತಾಡಪಾಲು ಎಳೆಯುತ್ತಿದ್ದರು. ಆಫೀಸರು ಬಂದ ದಿನ ನಾವು ಗೆಣಸು. ಒಂದು ಸಲ ಕುಪ್ಪಾಯಿ ತಾಡಪಾಲಿನೊಳಗೆ ಸೀನಿದಳು. ಆಫೀಸರು ಬೆಚ್ಚಿ ಏನದು ಅಂದರು. "ಹೆಗ್ಗಣ ಸಾರ್, ಕಾಟ ತಡೆಯೋಕಾಗ್ತಿಲ್ಲ" ಅಂದ ಅರ್ಥನಾರಿ. ಆಫೀಸರು ಹೋದ ಮೇಲೆ ಸೀನಿದ ತಪ್ಪಿಗೆ ಹೆಗ್ಗಣದ ಅರ್ಧ ದಿನದ ಕೂಲಿ ಮುರಿದ.

ಕುಪ್ಪಾಯಿ ನಮ್ಮೆಲ್ಲರಿಗಿಂತ ಹಿರಿಯಳು. ಹಲ್ಲು ಉದುರಿವೆ, ನಾಲಿಗೆ ಉದುರಿಲ್ಲ. ಈ ಸಲ ಗೆಣಸಿನ ಸೀಸನ್ನು ಜೋರಾಗಿದ್ದಾಗ ಅವಳು ಕಣದಲ್ಲಿ ತಲೆ ಸುತ್ತಿ ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದೆವು. ಸಂಜೆ ನೋಡಿದರೆ ಬಿದ್ದುಕೊಂಡಿದ್ದ ಹೊತ್ತಿಗೂ ಕೂಲಿ ಮುರಿದಿದ್ದ.

"ಮೊದಲಾಳಿ, ನಿಮ್ಮ ಕಣದ ಮ್ಯಾಲೆ ಮಲಗಿದ್ದೆ. ಅದ್ಕೆ ಬಾಡಿಗೇನೂ ಹಿಡ್ಕೊಳ್ರಿ ಮತ್ತೆ" ಅಂದಳು ಕುಪ್ಪಾಯಿ.

"ಏಯ್, ಬಾಯಿ ಜಾಸ್ತಿಯಾಯ್ತು ನಿಂದು. ಬೇಕಾದ್ರೆ ಮಾಡು, ಇಲ್ದಿದ್ರೆ ನಡೀ."

ಅವಳು ನಡೆದಳು. ನೆಟ್ಟಗೆ ಬಸ್ಸು ಹತ್ತಿ ಸೇಲಂನ ಲೇಬರ್ ಆಫೀಸಿಗೆ ಹೋಗಿ ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಬಂದಳು. ಮಾರನೆಯ ದಿನ ಏನೂ ಆಗದವಳ ಹಾಗೆ ಕೆಲಸಕ್ಕೂ ಬಂದಳು. ಕೂಲಿ ಕೇಳುವುದು ಬೇರೆ, ಹೊಟ್ಟೆ ಬೇರೆ.

ಪೊಂಗಲ್‌ಗೆ ಇನ್ನು ಎರಡೇ ದಿನ ಇತ್ತು, ಆಗ ಆಫೀಸರು ಬಂದರು. ಹೊಸಬರು, ಹೆಂಗಸು. ಜೀಪಿಲ್ಲ. ಟೌನ್ ಬಸ್ಸಿನಲ್ಲಿ ಇಳಿದು ಕೊಡೆ ಹಿಡಿದು ನಡೆದುಕೊಂಡು ಬಂದುಬಿಟ್ಟರು. ಯಾರೋ ಸಬ್ಬಕ್ಕಿ ಕೊಳ್ಳಲು ಬಂದವರು ಅಂದುಕೊಂಡು ಕಾವಲಿನವನೇ ಗೇಟು ತೆಗೆದ. ಗೆಣಸಾಗುವುದಕ್ಕೆ ನಮಗೆ ಪುರುಸೊತ್ತೇ ಆಗಲಿಲ್ಲ. ಕುಪ್ಪಾಯಿ ತೊಟ್ಟಿಯಲ್ಲಿ ಸೊಂಟದ ತನಕ ಬೆಳ್ಳಗಾಗಿ ನಿಂತಿದ್ದಳು. ನಾನು ಸಿಪ್ಪೆಯ ಗುಡ್ಡೆಯ ನಡುವೆ ಕೂತಿದ್ದೆ.

ಅರ್ಥನಾರಿ ಓಡಿ ಬಂದ. ಪಂಚೆ ಒಂದು ಕಡೆ, ಅವನೊಂದು ಕಡೆ.

"ಇವರೆಲ್ಲ ಯಾರು?" ಅಂದರು ಆಫೀಸರಮ್ಮ.

"ಇವ್ರಾ ಮೇಡಂ? ಇವ್ರು ಕೂಲಿಯವರಲ್ಲ. ನಮ್ಮ ಮನೆಯವ್ರೇ. ನೆಂಟ್ರು. ಸುಮ್ನೆ ಕೈಯಾಸರೆಗೆ ಬಂದಿದ್ದಾರೆ."

"ನೆಂಟರಾದರೂ ಕೂಲಿ ಕೊಡಬೇಕಾಗ್ತದೆ. ಮಾಲೀಕರ ಜೊತೆ ಒಂದೇ ಮನೇಲಿದ್ದು, ಅವರ ಅನ್ನದಲ್ಲೇ ಇರೋ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು, ಇಷ್ಟು ಜನಕ್ಕೆ ಮಾತ್ರ ಈ ಕಾನೂನಿಲ್ಲ. ಚಿಕ್ಕಪ್ಪನ ಮಕ್ಕಳು ದೊಡ್ಡಪ್ಪನ ಮಕ್ಕಳು ಅಂದ್ರೆ ನಡೆಯಲ್ಲ."

ಅರ್ಥನಾರಿ ಪಂಚೆ ಸರಿಮಾಡಿಕೊಂಡ. ನಮ್ಮನ್ನು ನೋಡಿದ. ಇಷ್ಟು ಜನರನ್ನು ಹೆಂಡತಿಯರು ಅನ್ನುವುದಕ್ಕೆ ಆಗುವುದಿಲ್ಲ, ಮನೆಯಲ್ಲಿ ಒಬ್ಬಳಿದ್ದಾಳೆ. ಮಕ್ಕಳು ಅನ್ನುವುದಕ್ಕೆ ವಯಸ್ಸು ಹೊಂದುವುದಿಲ್ಲ.

"ಒಡಹುಟ್ಟಿದವ್ರೇ ಮೇಡಂ. ಅಕ್ಕತಂಗಿಯರು."

"ಎಲ್ಲರೂ?"

"ನಮ್ಮಪ್ಪಂದು ದೊಡ್ಡ ಸಂಸಾರ ಮೇಡಂ. ಎಲ್ಲರೂ ನಮ್ಮ ಮನೇಲೇ ಇರೋದು, ನಮ್ಮ ಮನೇಲೇ ಉಣ್ಣೋದು."

ಆಫೀಸರಮ್ಮ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದರು. ತೊಟ್ಟಿಯಲ್ಲಿದ್ದ ಕುಪ್ಪಾಯಿಯನ್ನು ನೋಡಿದರು. ಫೋಟೋದ ಅಪ್ಪನಿಗಿಂತ ಕುಪ್ಪಾಯಿಗೆ ವಯಸ್ಸಾದ ಹಾಗೆ ಕಾಣುತ್ತಿತ್ತು.

"ಇವರೂನಾ?"

"ಅವ್ರು ದೊಡ್ಡಕ್ಕ."

ಮಿಲ್ಲಿನ ಮೋಟಾರು ಕೂಡ ಆ ಗಳಿಗೆಯಲ್ಲಿ ಕೆಮ್ಮಿದ ಹಾಗಾಯಿತು. ಆಫೀಸರಮ್ಮನ ಮುಖದಲ್ಲಿ ಮಾತ್ರ ಏನೂ ಇಲ್ಲ. ಅವರು ಕುಪ್ಪಾಯಿಯ ಕಡೆ ತಿರುಗಿ ಇದು ನಿಜವಾ ಅಂತ ಕೇಳಿದರು. ಅರ್ಥನಾರಿ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ. ಈ ಸೀಸನ್ನಿನಲ್ಲಿ ಇಲ್ಲಿ ಕೆಲಸ ಹೋದರೆ ಸುತ್ತಲ ಯಾವ ಮಿಲ್ಲೂ ಸೇರಿಸಿಕೊಳ್ಳುವುದಿಲ್ಲ. ನಮಗೆಲ್ಲ ಅದೇ ಭಯ.

"ಊಂ ತಾಯಿ. ನಮ್ಮ ತಮ್ಮಾನೇ" ಅಂದಳು ಕುಪ್ಪಾಯಿ. "ಚಿಕ್ಕೋನಿದ್ದಾಗ ಬಲು ಉಚ್ಚೆ ಹುಯ್ಯೋನು. ನಾನೇ ಎತ್ತಾಡ್ಸಿದ್ದು."

ಆಫೀಸರಮ್ಮ ಕೊಡೆ ಬಿಚ್ಚಿದರು. "ಸರಿ. ಹಬ್ಬದ ರಜೆ ಮುಗಿದ ದಿನ ನಿಮ್ಮ ಮನೆಗೇ ಬರ್ತೀನಿ. ಎಲ್ಲರೂ ಅಲ್ಲಿರ್ತಾರಾ ನೋಡ್ತೀನಿ. ಇಲ್ಲದಿದ್ದರೆ ಹಳೇ ಬಾಕಿ ಸಮೇತ ಲೆಕ್ಕ ಹಾಕ್ಬೇಕಾಗ್ತದೆ."

ಅವರು ಹೋದ ಮೇಲೆ ಅರ್ಥನಾರಿ ಅಪ್ಪಣೆ ಕೊಟ್ಟ. ಆ ದಿನ ನಾವೆಲ್ಲ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ಅವನ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಬಂದು ಕೂರಬೇಕು. ಆಫೀಸರು ಹೋದ ತಕ್ಷಣ ಎದ್ದು ಹೋಗಬೇಕು. ಏನನ್ನೂ ಮುಟ್ಟಬಾರದು. ಆ ದಿನದ ಕೂಲಿ ಇಲ್ಲ, ಕೂತದ್ದಕ್ಕೆ ಎಂಥ ಕೂಲಿ.

ಅವತ್ತು ಸಂಜೆ ಕಾಲೊನಿಯ ನಲ್ಲಿ ಹತ್ತಿರ ನಾನು ಕುಪ್ಪಾಯಿಯ ಮೇಲೆ ಹರಿಹಾಯ್ದೆ.

"ಅಲ್ಲ ಕಣಜ್ಜಿ, ಬಸ್ಸಿನ ಕಾಸು ಖರ್ಚು ಮಾಡ್ಕೊಂಡು ಹೋಗಿ ದೂರು ಹೇಳ್ದೋಳು ನೀನೇ. ಆಫೀಸರು ಎದ್ರಿಗೆ ನಿಂತು ಕೇಳಿದ್ರೆ ತಮ್ಮ ಅಂತೀಯಲ್ಲ. ನಾಚ್ಕೆ ಆಗಾಕಿಲ್ವಾ?"

"ನಾನೇನು ಅಂದೆ ಪಾವಾಯಿ? ಅವ್ನೇ ಅಂದ. ಸರ್ಕಾರದ ಮುಂದೆ ಅಂದ. ನಾವು ಇಲ್ಲ ಅಂದಿದ್ರೆ ನಾಳೆ ಕೆಲ್ಸದಿಂದ ತೆಗೀತಿದ್ದ. ಈಗ ತೆಗೀಲಿ ನೋಡಾನ. ಅಕ್ಕತಂಗೀರ್ನ ಯಾವ ಬಾಯಲ್ಲಿ ತೆಗ್ದಾನು?" ಅವಳು ಕೊಡ ತುಂಬಿಸಿ ಸೊಂಟಕ್ಕೆ ಇಟ್ಟುಕೊಂಡಳು. "ಮನೇಲೇ ಇರ್ತಾರೆ ಅಂದ. ಮನೇಲೇ ಉಣ್ತಾರೆ ಅಂದ. ತಮ್ಮ ಸುಳ್ಳುಗಾರ ಆಗ್ಬಾರ್ದು. ನಾಳೆ ಭೋಗಿ ಹಬ್ಬ, ನಾಡಿದ್ದು ಪೊಂಗಲ್. ಚಾಪೆ ಸುತ್ಕೊಳ್ರಿ."

ನಾವು ನಕ್ಕೆವು. ಅವಳು ನಗಲಿಲ್ಲ. ಆಗ ನಮಗೆ ಹೆದರಿಕೆಯಾಯಿತು.

ಮಾರನೆಯ ದಿನ ಬೆಳಿಗ್ಗೆ ಹೊರಟೆವು. ಚಾಪೆ, ಗಂಟು, ಮಕ್ಕಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂತ ಒಬ್ಬಳು ಕೋಳಿಯನ್ನೂ ತಂದಿದ್ದಳು. ನನ್ನ ಕಂಕುಳಲ್ಲಿ ತಂಗಮಯಿಲು. ನನ್ನ ಮಗಳು, ಆಗಷ್ಟೇ ಮಾತು ಕಲಿತಿದ್ದಳು. ಅವಳ ಕಿವಿ ಇನ್ನೂ ಚುಚ್ಚಿಸಿರಲಿಲ್ಲ. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕು. ನನಗೆ ಅಣ್ಣತಮ್ಮ ಇಲ್ಲದ್ದರಿಂದ ಈ ವರ್ಷ, ಮುಂದಿನ ವರ್ಷ ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಸಾಲ ಮಾಡಿ ತಂದ ಪುಟ್ಟ ಓಲೆ ಸೆರಗಿನ ಗಂಟಿನಲ್ಲೇ ಇತ್ತು.

ಊರಿನ ಬೀದಿಯಲ್ಲಿ ನಾವು ಚಪ್ಪಲಿ ಮೆಟ್ಟಿ ನಡೆಯುವುದಿಲ್ಲ. ಬೀದಿಯ ತಲೆಯಲ್ಲೇ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತೇವೆ. ಅವತ್ತು ಕುಪ್ಪಾಯಿ ಬೀದಿಯ ತಲೆಯಲ್ಲಿ ನಿಂತು ಚಪ್ಪಲಿ ಹಾಕಿಕೊಂಡಳು. ಅವಳಿಗೆ ಸ್ವಂತ ಚಪ್ಪಲಿ ಇರಲಿಲ್ಲ, ಅವರಿವರ ಹತ್ತಿರ ಕೇಳಿ ತಂದಿದ್ದಳು. ಎರಡೂ ಎಡಗಾಲಿನವು. ಹಾಗೇ ಪಟಪಟ ಅನ್ನಿಸುತ್ತ ಒಂದು ಪಕ್ಕಕ್ಕೆ ವಾಲಿಕೊಂಡು ನಡೆದಳು. ಜಗಲಿಯ ಮೇಲಿದ್ದವರು ಬಾಯಿ ತೆರೆದುಕೊಂಡು ನೋಡಿದರು. ನನ್ನ ಕಾಲು ಹಿಂದಕ್ಕೆ ಹೋಗುತ್ತೇನೆ ಅನ್ನುತ್ತಿತ್ತು. ನಾನೂ ಚಪ್ಪಲಿ ಹಾಕಿಕೊಂಡೆ.

ಅರ್ಥನಾರಿ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ. ನಮ್ಮನ್ನು ನೋಡಿ ನೊರೆ ನುಂಗಿಬಿಟ್ಟ.

"ಏಯ್, ಏನಿದು? ಇವತ್ತಲ್ಲ ಕಣ್ರೇ, ಹಬ್ಬ ಆದ್ಮೇಲೆ. ಹಿಂದ್ಗಡೆ ಹೋಗ್ರಿ, ಹಿಂದ್ಗಡೆ."

"ಹಿಂದ್ಲ ಬಾಗಿಲಲ್ಲಿ ಬರೋಕೆ ನಾವೇನು ಕಳ್ರಾ ತಮ್ಮ?" ಅಂದಳು ಕುಪ್ಪಾಯಿ. "ಹಬ್ಬಕ್ಕೆ ತವರಿಗೆ ಬಂದಿದ್ದೀವಿ. ಅರಿಶಿನ ಕುಂಕುಮ ತರಾಕೆ ಹೇಳು ನಿನ್ನ ಹೆಂಡ್ತಿಗೆ."

"ಮುಚ್ಚು ಬಾಯಿ. ಹೋಗ್ರಿ ಅಂದ್ರೆ ಹೋಗ್ಬೇಕು."

"ಹೋಗಾಕಿಲ್ಲ."

ಒಂದೇ ಮಾತು. ಅವನ ಎದುರಿಗೆ ಆ ಮಾತನ್ನು ಯಾರೂ ಆಡಿದ್ದಿಲ್ಲ. ಅವನು ಕೈ ಎತ್ತಿದ. ಕುಪ್ಪಾಯಿ ತಲೆ ಮುಂದೆ ಚಾಚಿ, "ಹೊಡಿ. ಆಫೀಸರಮ್ಮ ಬಂದಾಗ ಹೇಳ್ತೀನಿ, ನಾವು ಅವ್ನ ಕೂಲಿಯೋರು, ಅದ್ಕೇ ಹೊಡ್ದ ಅಂತ" ಅಂದಳು. ಎತ್ತಿದ ಕೈಯಿಂದ ಅವನು ತಲೆ ಕೆರೆದುಕೊಂಡ. ನಾವು ಹೊಸ್ತಿಲು ದಾಟಿದೆವು.

ಒಳಗೆ ಅವನ ತಾಯಿ ನಲ್ಲಮ್ಮಾಳ್ ಬೀಸಣಿಗೆ ಹಿಡಿದು ಕೂತಿದ್ದರು. ಯಾರು ಇವರೆಲ್ಲ ಅಂತ ಮಗನನ್ನು ಕೇಳಿದರು. ಅವನು ಬಗ್ಗಿ ಕಿವಿಯಲ್ಲಿ ಎಲ್ಲ ಹೇಳಿದ. ಆಯಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬೀಸಣಿಗೆಯ ಹಿಡಿಯಲ್ಲೇ ಅವನ ಬೆನ್ನಿಗೆ ಬಿಟ್ಟರು.

"ಸತ್ತ ಗಂಡಂಗೆ ಇಷ್ಟು ಮಕ್ಕಳ್ನ ಕಟ್ಟಿದ್ದೀಯಲ್ಲೋ ಪಾಪಿ. ಸಂತೆಗೆ ಬನ್ನಿ ಅಂದ್ರೆ ಮೊಣಕಾಲು ನೋವು ಅನ್ನೋರು. ಅವ್ರು ಕಾಲೊನಿಗೆ ಯಾವಾಗ ಹೋದ್ರು?"

"ಕಾನೂನಿಗೋಸ್ಕರ ಅಮ್ಮ. ಬರೀ ಬಾಯ್ಮಾತು."

"ಕಾನೂನಿಗೆ ನಿಮ್ಮಪ್ಪನೇ ಬೇಕಿತ್ತಾ? ನೀನೇ ಹುಟ್ಟಿಸ್ದೆ ಅನ್ನಬೇಕಿತ್ತು."

ಕುಪ್ಪಾಯಿ ಅವರ ಎದುರಿಗೆ ಚಾಪೆ ಹಾಸಿ ಕೂತು, "ಅಮ್ಮಾ, ನನ್ನ ಹೆತ್ತಾಗ ಬಲು ಕಷ್ಟ ಆಗಿರ್ಬೇಕು ನಿಂಗೆ" ಅಂದಳು. ಅವಳು ಆಯಮ್ಮನಿಗಿಂತ ಒಂದು ಕೈ ಹಿರಿಯಳೇ ಇರಬೇಕು. ಆಯಮ್ಮ ಮುಖದ ಮೇಲೆ ಸೆರಗು ಎಳೆದುಕೊಂಡರು.

ಮದುವೆಗೆ ಬಂದ ಮಗಳನ್ನು ಒಳಕೋಣೆಗೆ ಕಳಿಸಿ, ಅರ್ಥನಾರಿಯ ಹೆಂಡತಿ ಕನಕವಲ್ಲಿ ಪೇಪರ್ ಲೋಟದಲ್ಲಿ ಕಾಫಿ ತಂದಳು. ಮಿಲ್ಲಿನಲ್ಲೂ ಹಾಗೇ, ನಮ್ಮ ಲೋಟ ಬೇರೆ.

"ಅತ್ತಿಗೆ, ಮನೆ ಮಕ್ಕಳಿಗೆ ಪೇಪರ್ ಲೋಟ್ದಲ್ಲಿ ಕೊಡ್ತಾರಾ? ಆಫೀಸರಮ್ಮ ಕೇಳಿದ್ರೆ ಏನು ಹೇಳಾದು?" ಅಂದೆ. ನನ್ನ ಬಾಯಿಂದ ಬಂದ ಮಾತು ನನಗೇ ಹೊಸದಾಗಿ ಕೇಳಿಸಿತು.

ಕನಕವಲ್ಲಿ ಗಂಡನ ಮುಖ ನೋಡಿದಳು. ಅವನು ಗೋಡೆ ನೋಡಿದ. ಸ್ಟೀಲ್ ಲೋಟ ಬಂದವು.

ಕುಡಿದಿಟ್ಟ ಲೋಟಗಳನ್ನು ಯಾರೂ ಮುಟ್ಟಲಿಲ್ಲ. ಕೋಲಿನಲ್ಲಿ ತಳ್ಳಿಕೊಂಡು ಹೋಗಿ ಹಿತ್ತಲ ತಿಪ್ಪೆಗೆ ಹಾಕಿದರು. ಅದನ್ನು ನಾನು ಕಣ್ಣಾರೆ ನೋಡಿದೆ. ಮಧ್ಯಾಹ್ನ ಉಂಡ ತಟ್ಟೆಗಳೂ ಅಲ್ಲಿಗೇ ಹೋದವು. ಕುಪ್ಪಾಯಿಗೆ ಹೇಳಿದೆ. ಅವಳು ಯೋಚನೆ ಮಾಡಿ, "ಹಂಗಾದ್ರೆ ದೊಡ್ಡ ದೊಡ್ಡವ್ನೂ ಮುಟ್ಟಾನ ಕಣಮ್ಮಿ" ಅಂದಳು.

ಆಮೇಲೆ ನಾವು ಮುಟ್ಟಿದ್ದೇ ಮುಟ್ಟಿದ್ದು. ನೀರು ಬೇಕು ಅಂತ ಹಂಡೆ ಮುಟ್ಟಿದೆವು. ಸಾರಿಗೆ ಉಪ್ಪು ನೋಡುತ್ತೇವೆ ಅಂತ ಪಾತ್ರೆ ಮುಟ್ಟಿದೆವು. ಕೊಳಗ, ಸೌಟು, ಇಡ್ಲಿ ತಟ್ಟೆ, ಯಾವುದನ್ನೂ ಬಿಡಲಿಲ್ಲ. ಎಲ್ಲ ತಿಪ್ಪೆ ಸೇರಿದವು. ಪೊಂಗಲ್ ದಿನ ಬೆಳಿಗ್ಗೆ ಅರ್ಥನಾರಿ ಅಡಿಗೆಮನೆಯಲ್ಲಿ ಎಣ್ಣೆ ಅಳೆಯುವ ಪಾವಿನಲ್ಲಿ ಕಾಫಿ ಕುಡಿಯುತ್ತಿದ್ದ. ಕನಕವಲ್ಲಿ ಪಕ್ಕದ ಮನೆಗೆ ಹೋಗಿ ಪಾತ್ರೆ ಕೇಳಿದರೆ, ಯಾಕೆ ಅಂತ ಗೊತ್ತಿದ್ದ ಅವರು ಕದ ಹಾಕಿಕೊಂಡರು. ನಮ್ಮ ಮಕ್ಕಳು ತಿಪ್ಪೆಯಿಂದ ಒಂದೊಂದೇ ಹೆಕ್ಕಿ, ಬೂದಿ ಹಾಕಿ ತಿಕ್ಕಿ, ಕಾಲೊನಿಗೆ ಸಾಗಿಸಿದವು. ಇವತ್ತಿಗೂ ನಮ್ಮ ಕಾಲೊನಿಯಲ್ಲಿ ನೆಂಟರು ಬಂದರೆ ಲೋಟಕ್ಕೆ ಬರವಿಲ್ಲ.

ಆ ಮನೆಗೆ ಹುಳಿ ವಾಸನೆ ಹತ್ತಿಕೊಂಡಿತು. ಊದುಬತ್ತಿ ಹಚ್ಚಿದರು, ಸಾಂಬ್ರಾಣಿ ಹಾಕಿದರು. ಅವನ ಮಿಲ್ಲಿನ ವಾಸನೆಯೇ, ಅವನಿಗೆ ಅನ್ನ ಹಾಕಿದ ವಾಸನೆ. ಮೂಗು ಮುಚ್ಚಿಕೊಂಡು ಓಡಾಡಿದ. ಕುಪ್ಪಾಯಿ ಮಾತ್ರ ಬೆಳಿಗ್ಗೆ ಎದ್ದು ಹಿತ್ತಲಿನಲ್ಲಿ ಹೆಜ್ಜೆ ಹಾಕಿ ಅಳೆಯುತ್ತಿದ್ದಳು.

"ಏನ್ ಮಾಡ್ತಿದ್ದೀಯ?" ಅಂದ ಅವನು, ಅನುಮಾನದಿಂದ.

"ನನ್ನ ಪಾಲು ಎಲ್ಲಿಗೆ ಬರ್ತದೆ ನೋಡ್ತಿದ್ದೀನಿ. ಅಪ್ಪನ ಆಸ್ತೀಲಿ ಹೆಣ್ಮಕ್ಕಳಿಗೂ ಪಾಲೈತಂತಲ್ಲ. ಬಾವಿ ಕಡೆ ಭಾಗ ನಂಗಿರ್ಲಿ ತಮ್ಮ. ವಯಸ್ಸಾದೋಳು, ದೂರದಿಂದ ನೀರು ಹೊರಾಕಾಗಾಕಿಲ್ಲ."

ಅವನು ಬಾವಿಕಟ್ಟೆಗೆ ಅಡ್ಡ ಬಂದು ನಿಂತ.

ಹಬ್ಬಕ್ಕೆ ಬಂದ ಅವನ ನೆಂಟರು ಮುಂಬಾಗಿಲಿಗೆ ಬಂದು, ನಮ್ಮನ್ನು ನೋಡಿ, ಜಗಲಿಯಲ್ಲೇ ನಿಂತರು. ಆಯಮ್ಮನ ತಮ್ಮ ಒಬ್ಬರಿದ್ದರು, ದೊಡ್ಡ ಮನುಷ್ಯರು. ಈ ಜನ ಇಲ್ಲಿರುವ ತನಕ ನೀರು ಮುಟ್ಟುವುದಿಲ್ಲ ಅಂದರು. ಮುಟ್ಟುವುದಕ್ಕೆ ಲೋಟವೂ ಇರಲಿಲ್ಲ.

ರಜೆ ಮುಗಿದ ದಿನ ಆಫೀಸರಮ್ಮ ಕೊಡೆ ಹಿಡಿದು ಬಂದರು. ನಾವು ನಡುಮನೆಯ ತುಂಬ ಕೂತಿದ್ದೆವು. ನೆಂಟರು ಜಗಲಿಯಿಂದ ಇಣುಕುತ್ತಿದ್ದರು. ಆಯಮ್ಮ ಬೀಸಣಿಗೆ ಸಿದ್ಧವಾಗಿ ಹಿಡಿದಿದ್ದರು.

"ಎಲ್ಲರೂ ಇದ್ದಾರೆ ಮೇಡಂ. ನೋಡ್ಕೊಳಿ" ಅಂದ ಅರ್ಥನಾರಿ. ಅವನ ಮುಖ ಬಾಡಿತ್ತು, ಆದರೆ ದನಿಯಲ್ಲಿ ಗೆದ್ದ ಖುಷಿ. ಇನ್ನೊಂದು ಗಳಿಗೆ ತಡೆದುಕೊಂಡರೆ ನಮ್ಮ ಕೂಲಿ ಜನ್ಮಪೂರ್ತಿ ಅವನ ಜೇಬಿನಲ್ಲೇ ಉಳಿಯುತ್ತಿತ್ತು. ಆಫೀಸರಮ್ಮ ಬರೆದುಕೊಂಡು ಹೋದರೆ ಮುಗಿಯಿತು. ನಾವು ಸರ್ಕಾರದ ಲೆಕ್ಕದಲ್ಲಿ ಕೂಲಿಯೇ ಬೇಡದ ಅಕ್ಕತಂಗಿಯರು.

ಕುಪ್ಪಾಯಿ ನನ್ನ ಪಕ್ಕೆಗೆ ತಿವಿದಳು. ಓಲೆ ಮಾಡುವ ಆಚಾರಿಯನ್ನು ಅವಳೇ ಹೇಳಿ ಕಳಿಸಿ ಕರೆಸಿದ್ದಳು. ಅವನು ಮೂಲೆಯಲ್ಲಿ ಸೂಜಿ ಇಟ್ಟುಕೊಂಡು ಕೂತಿದ್ದ. ನಾನು ತಂಗಮಯಿಲನ್ನು ಎತ್ತಿಕೊಂಡು ಎದ್ದೆ.

"ಅಣ್ಣಾ" ಅಂದೆ. "ಮಗೀಗೆ ಇನ್ನೂ ಕಿವಿ ಚುಚ್ಚಿಸಿಲ್ಲ. ಸೋದರಮಾವನ ತೊಡೆ ಬೇಕು. ಓಲೆ ನಾನೇ ತಂದಿದ್ದೀನಿ. ಚಿನ್ನ ಬ್ಯಾಡ, ಸೀರೆ ಬ್ಯಾಡ. ಸ್ವಲ್ಪ ಹೊತ್ತು ತೊಡೆ ಮ್ಯಾಲೆ ಕೂರಿಸ್ಕೊಂಡ್ರೆ ಸಾಕು."

ಆಟಕ್ಕೆ ಹೇಳಬೇಕು ಅಂತಲೇ ಹೊರಟ ಮಾತು. ಹೇಳುವಾಗ ಮಾತ್ರ ನಿಜವಾಗಿ ಕೇಳಿದ ಹಾಗಾಯಿತು. ನನ್ನ ಮೇಲೇ ನನಗೆ ಸಿಟ್ಟು ಬಂತು.

"ಒಳ್ಳೇದು. ಮಾಡಿಸಿ, ಕಾಯ್ತೀನಿ" ಅಂದರು ಆಫೀಸರಮ್ಮ, ಮಡಿಚಿದ ಕೊಡೆಯನ್ನು ಮಂಡಿಯ ಮೇಲಿಟ್ಟುಕೊಂಡು.

ಅರ್ಥನಾರಿ ಜಗಲಿ ನೋಡಿದ. ಆಫೀಸರಮ್ಮನನ್ನು ನೋಡಿದ. ಎರಡು ಕೈ ಚಾಚಿದ. ಮಗುವನ್ನು ಕಂಕುಳ ಕೆಳಗೆ ಬೆರಳ ತುದಿಯಲ್ಲಿ ಹಿಡಿದು, ಸತ್ತ ಇಲಿ ಹಿಡಿಯುವ ಹಾಗೆ ದೂರಕ್ಕೆ ಎತ್ತಿದ. ತೊಡೆಗೆ ಇಳಿಸಲಿಲ್ಲ. ಹಾಗೇ ಹಿಡಿದುಕೊಂಡು ನಿಂತ. ತಂಗಮಯಿಲಿಗೆ ಅದು ಉಯ್ಯಾಲೆ. ಕಾಲು ಬಡಿದು ಕೇಕೆ ಹಾಕಿದಳು. ಮುಂದಕ್ಕೆ ಬಾಗಿ ಅವನ ಮೀಸೆ ಹಿಡಿದುಕೊಂಡಳು.

"ಮಾವಾ" ಅಂದಳು. ಬೀದಿಗೆಲ್ಲ ಕೇಳಿಸುವ ಹಾಗೆ.

ನಾವು ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಎಲ್ಲರೂ ಅಣ್ಣ, ತಮ್ಮ, ಮಾವ ಅಂತ ಆಡುತ್ತಿದ್ದದ್ದನ್ನು ಕೇಳಿ ತಾನೇ ಕಲಿತಿದ್ದಳು.

"ಅರ್ಥನಾರಿ" ಅಂದರು ಜಗಲಿಯಿಂದ ಆ ದೊಡ್ಡ ಮನುಷ್ಯರು. "ಆ ಮಗು ನಿನ್ನ ತೊಡೆ ಮೇಲೆ ಕೂತ್ರೆ ನಿನ್ನ ಮಗಳಿಗೆ ನಮ್ಮವ್ರಲ್ಲಿ ಗಂಡು ಸಿಗಲ್ಲ. ತಿಳ್ಕೊಂಡು ಕೂರಿಸ್ಕೋ."

ಅವನು ಮಗುವನ್ನು ನೆಲದ ಮೇಲೆ ಬಿಟ್ಟ. ಇಳಿಸಲಿಲ್ಲ, ಬಿಟ್ಟ. ಮೀಸೆಯ ಎರಡು ಕೂದಲು ಅವಳ ಮುಷ್ಟಿಯಲ್ಲೇ ಉಳಿದವು.

"ಇವ್ರು ನಂಗೇನೂ ಆಗ್ಬೇಕಾಗಿಲ್ಲ ಮೇಡಂ. ಅಕ್ಕನೂ ಇಲ್ಲ, ತಂಗೀನೂ ಇಲ್ಲ. ಕೂಲಿಯವ್ರು. ಕಾಲೊನಿ ಜನ. ಸರ್ಕಾರದ ರೇಟು ಎಷ್ಟೈತೋ ಬರ್ಕೊಳಿ. ಹಳೇ ಬಾಕೀನೂ ಬರ್ಕೊಳಿ. ಇವ್ರು ಮೊದ್ಲು ಮನೆಯಿಂದ ಆಚೆ ಹೋದ್ರೆ ಸಾಕು."

ಆಯಮ್ಮ ಬೀಸಣಿಗೆ ಕೆಳಗಿಟ್ಟು, "ಸದ್ಯ, ನನ್ನ ಗಂಡ ಬದುಕಿದ್ರು" ಅಂದರು.

ಆಫೀಸರಮ್ಮ ಪೆನ್ನು ತೆಗೆದರು. ಎಷ್ಟು ವರ್ಷದಿಂದ ಕೆಲಸ, ಎಷ್ಟು ಕೊಡುತ್ತಿದ್ದ, ಒಬ್ಬೊಬ್ಬರನ್ನೇ ಕರೆದು ಕೇಳಿ ಬರೆದರು. ಕುಪ್ಪಾಯಿ ಪ್ರತಿಯೊಬ್ಬರ ಹೆಸರಿಗೂ "ಕೂಲಿಯೋಳು, ಬರ್ಕೊ ತಾಯಿ, ಅಪ್ಪಟ ಕೂಲಿಯೋಳು" ಅಂತ ಸಾಕ್ಷಿ ಹೇಳಿದಳು. ನಾವು ಮದುವೆಮನೆಯ ಹಾಗೆ ನಕ್ಕೆವು. ಯಾರಾದರೂ ನಮ್ಮನ್ನು ಕಾಲೊನಿಯ ಕೂಲಿಯವರು ಅಂತ ಬೈದದ್ದಕ್ಕೆ ನಾವ್ಯಾವತ್ತೂ ಅಷ್ಟು ಕುಣಿದಿರಲಿಲ್ಲ.

ನಾನೂ ನಕ್ಕೆ. ನಗುತ್ತಲೇ ಅಳು ಬಂತು, ಸಿಟ್ಟಿನ ಅಳು. ಅವನು ಕಾಸಿಗೆ ಕಾಸು ಗಂಟು ಹಾಕುವವನು. ಸೀನಿದ್ದಕ್ಕೆ ಕೂಲಿ ಮುರಿದವನು. ಅವತ್ತು ಅವನಿಗೆ ಇಷ್ಟೂ ಜನರ ಕೂಲಿ ಉಳಿಯುತ್ತಿತ್ತು, ಒಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರೆ. ತೊಡೆಗೆ ಕಾಸು ಖರ್ಚಿಲ್ಲ. ಆದರೂ ದುಡ್ಡೇ ಕೊಡುತ್ತೇನೆ ಅಂದ. ಸರ್ಕಾರ ನನ್ನ ಕೆಲಸಕ್ಕೆ ಬೆಲೆ ಕಟ್ಟಿತ್ತು. ನಮ್ಮನ್ನು ಮುಟ್ಟದೆ ಇರುವುದಕ್ಕೆ ಅವನು ಎಷ್ಟು ಬೆಲೆ ಕೊಡುತ್ತಾನೆ ಅನ್ನುವುದು ಅವತ್ತು ಗೊತ್ತಾಯಿತು.

ಕಿವಿಯನ್ನು ಕುಪ್ಪಾಯಿಯ ತೊಡೆಯ ಮೇಲೆ ಚುಚ್ಚಿಸಿದೆವು, ಅದೇ ನಡುಮನೆಯಲ್ಲಿ. "ಮಾವ ಅಲ್ದಿದ್ರೆ ಏನು, ಮೂಳೆ ಗಟ್ಟಿ ಇದ್ರೆ ಸಾಕು" ಅಂದ ಆಚಾರಿ. ತಂಗಮಯಿಲು ಕಿರುಚಿದ್ದು ಆ ಮನೆಯ ಮಾಡಿಗೆ ಇವತ್ತೂ ನೆನಪಿರಬೇಕು. ಆಮೇಲೆ ಚಾಪೆ ಸುತ್ತಿಕೊಂಡು, ಕೋಳಿ ಹುಡುಕಿಕೊಂಡು, ಮುಂಬಾಗಿಲಿನಲ್ಲೇ ಆಚೆ ಬಂದೆವು.

ಈಗ ಕೂಲಿ ಸರ್ಕಾರದ ರೇಟಿನಲ್ಲಿ ಬರುತ್ತದೆ. ಬಾಕಿ ಕಂತಿನಲ್ಲಿ ಬರುತ್ತಿದೆ. ತೊಟ್ಟಿಯ ನೀರು ಈಗಲೂ ಹುಳಿ, ಕಣ ಈಗಲೂ ಸುಡುತ್ತದೆ. ಅವನು "ಏಯ್" ಅನ್ನುವುದೂ ಬಿಟ್ಟಿಲ್ಲ. ಅನ್ನಲಿ. ಮೊದಲು ಅರ್ಧ ಕೂಲಿಗೆ ಪೂರ್ತಿ "ಏಯ್" ಅನ್ನುತ್ತಿದ್ದ.

ನಡುವೆ ಒಂದೊಂದು ವಾರ ಅವನಿಗೆ ಹಳೇ ಚಾಳಿ ಮರುಕಳಿಸುತ್ತದೆ. ಕೂಲಿ ನಾಳೆ, ನಾಡಿದ್ದು ಅನ್ನುತ್ತಾನೆ. ನಾವು ಸೇಲಂಗೆ ಹೋಗುವುದಿಲ್ಲ, ಅರ್ಜಿ ಕೊಡುವುದಿಲ್ಲ. ಅವನ ಕಾರು ಬರುವ ಹೊತ್ತಿಗೆ ತಂಗಮಯಿಲನ್ನು ಗೇಟಿನ ಎದುರು ಇಳಿಸುತ್ತೇವೆ. ಅವಳು ಅವನನ್ನು ಕಂಡ ತಕ್ಷಣ ಎರಡೂ ಕೈ ಮೇಲೆತ್ತಿಕೊಂಡು ಓಡುತ್ತಾಳೆ, "ಮಾವಾ" ಅಂತ ಬಾಯಿ ತುಂಬ ಕರೆಯುತ್ತಾಳೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಅವನು ಕಾರಿನ ಗಾಜು ಏರಿಸುತ್ತಾನೆ. ಮಧ್ಯಾಹ್ನದೊಳಗೆ ಕೂಲಿ ಕೈಗೆ ಬರುತ್ತದೆ. ನಾವು ಬಿದ್ದು ಬಿದ್ದು ನಗುತ್ತೇವೆ.

ಅವಳಿಗೆ ಮಾತ್ರ ಅದು ಆಟವಲ್ಲ. ಅವನು ಎತ್ತಿಕೊಳ್ಳುತ್ತಾನೆ ಅಂತಲೇ ಅವಳು ಕೈ ಎತ್ತುವುದು.